ದೊಡ್ಡಪ್ಪನ ಬಾಯಿ, ಸಂಸತ್ತಿನ ಕಾರು

ನಮ್ಮ ದೊಡ್ಡಪ್ಪ ಸಂಸತ್ತಿನ ಕಾರು ಓಡಿಸುತ್ತಿದ್ದರು. ಕೈ ಸ್ಟಿಯರಿಂಗ್ ಮೇಲಿದ್ದಷ್ಟು ಹೊತ್ತೂ ಬಾಯಿಯೂ ಓಡುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ ಸದಸ್ಯೆ ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಹಾಗಾಗಿ ಎಲ್ಲರಿಗೂ ಟೀಚರಮ್ಮ. ಎರಡು ಚುನಾವಣೆ ಗೆದ್ದಿದ್ದರೂ ದೊಡ್ಡಪ್ಪನ ಮಾತಿನ ನಡುವೆ ಬಾಯಿ ಹಾಕಲು ಅವರಿಗೆ ಸಂದು ಸಿಗುತ್ತಿರಲಿಲ್ಲ.

ಅದು ದೇಶಕ್ಕೇ ಕೈ ಬಿಗಿಯಾಗಿದ್ದ ಕಾಲ. ಆಸ್ಪತ್ರೆಯ ಔಷಧಿಗೆ ಕತ್ತರಿ ಬಿದ್ದಿತ್ತು. ನಮ್ಮ ಬೀದಿಯಲ್ಲಿ ಒಂದು ದೀಪ ಬಿಟ್ಟು ಒಂದು ಉರಿಯುತ್ತಿತ್ತು. ಒಂದು ಬೆಳಿಗ್ಗೆ ಸಿಗ್ನಲ್ಲಿನಲ್ಲಿ, ಬಾಗಿಲಿಗೆ ಜನ ಜೋತುಬಿದ್ದ ಬಸ್ಸೊಂದು ಕಾರಿನ ಪಕ್ಕ ಬಂದು ನಿಂತಿತು.

"ನೋಡಿ ಮೇಡಂ, ಅಲ್ಲಿ ಕಾಲಿಡೋಕೆ ಜಾಗ ಇಲ್ಲ. ಇಲ್ಲಿ ನಿಮ್ಮ ಬ್ಯಾಗಿಗೇ ಒಂದು ಸೀಟು," ಎಂದರು ದೊಡ್ಡಪ್ಪ. "ಜನಕ್ಕೆ ಹೊಟ್ಟೆ ಬಟ್ಟೆ ಕಟ್ಟಿ ಅಂತೀರಿ. ನಿಮ್ಮ ಖರ್ಚಿನ ಮಾತು ಬಂದ್ರೆ ಮಾತ್ರ ಎಲ್ಲರಿಗೂ ಕಿವಿ ಮಂದ."

ಟೀಚರಮ್ಮ ಬ್ಯಾಗನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು.

ಮುಂದಿನ ವಾರ ಸಂಸತ್ತು ತನ್ನದೇ ಖರ್ಚಿನ ಬಗ್ಗೆ ಚರ್ಚೆಗೆ ಕೂತಿತು. "ಇಷ್ಟು ವರ್ಷ ಬಾಗಿಲ ತನಕ ಬಿಟ್ಟಿದ್ದೀರಿ, ಇವತ್ತು ಒಳಗೆ ಬಂದು ಕೇಳಿ," ಎಂದು ಟೀಚರಮ್ಮ ದೊಡ್ಡಪ್ಪನ ಕೈಗೆ ಗ್ಯಾಲರಿಯ ಪಾಸು ಕೊಟ್ಟರು.

ಹೊಸ ಪರದೆಗಳು ಬೇಡವೆಂದರು ಒಬ್ಬರು. ವಿದೇಶ ಪ್ರವಾಸ ನಿಲ್ಲಿಸಿ ಎಂದರು ಇನ್ನೊಬ್ಬರು; ಅವರು ಆಗಷ್ಟೇ ಹೋಗಿಬಂದಿದ್ದರು. ಆಮೇಲೆ ಟೀಚರಮ್ಮ ಎದ್ದು, ಸದಸ್ಯರು ತಮ್ಮ ತಮ್ಮ ಕಾರು ಬಿಟ್ಟುಕೊಟ್ಟು ವ್ಯಾನಿನಲ್ಲಿ ಒಟ್ಟಿಗೆ ಬರಬೇಕು ಎಂದರು.

ಎದುರು ಸಾಲಿನ ದಪ್ಪನೆಯ ಸದಸ್ಯರು ನಕ್ಕರು. "ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಇದರಿಂದ ದೇಶ ಉದ್ಧಾರ ಆಗುತ್ತಾ?"

"ಆಗಲ್ಲ. ಆದರೆ ಬಸ್ಸಲ್ಲಿ ಜನಕ್ಕೆ ಕಾಲಿಡೋಕೆ ಜಾಗ ಇಲ್ಲ, ಇಲ್ಲಿ ನಮ್ಮ ಬ್ಯಾಗಿಗೇ ಒಂದು ಸೀಟು. ಔಷಧಿಗೆ ಹಾಕಿದ ಕತ್ತರಿ ಮೊದಲು ನಮಗೆ ಹಾಕ್ಕೋಬೇಕಿತ್ತು."

ಮೇಲೆ ಕೂತಿದ್ದ ದೊಡ್ಡಪ್ಪನಿಗೆ ತಮ್ಮ ಮಾತಿನ ಗುರುತು ಸಿಕ್ಕಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೂದಲೆಳೆಯ ಅಂತರದಲ್ಲಿ ನಿರ್ಣಯ ಗೆದ್ದಿತು.

ಮನೆಗೆ ಮರಳುವಾಗ ದೊಡ್ಡಪ್ಪ ತುಟಿ ಪಿಟಕ್ಕೆನ್ನಲಿಲ್ಲ. ಕೊನೆಗೆ ಟೀಚರಮ್ಮನೇ ಕೇಳಿದರು, "ಕೋಪಾನಾ?"

"ನಾನು ಸುಮ್ನೆ ಗೊಣಗಿದ್ದು ಮೇಡಂ. ಕಾನೂನು ಮಾಡಿ ಅಂದಿರಲಿಲ್ಲ."

"ಗೊಣಗಿದ್ದು ನಿಜ ತಾನೇ?"

"ನಿಜಾನೇ. ಅದಕ್ಕೇ ಸಂಕಟ."

"ಯಾವ ಡ್ರೈವರನ್ನೂ ಕೆಲಸದಿಂದ ತೆಗೀಬಾರದು ಅಂತಲೂ ಸೇರಿಸಿದೆನಲ್ಲ, ಕೇಳಿಸಲಿಲ್ವಾ?"

"ಅಷ್ಟೊತ್ತಿಗೆ ನನ್ನ ಕಿವೀನೂ ಮಂದ ಆಗಿತ್ತು," ಎಂದರು ದೊಡ್ಡಪ್ಪ.

ಮನೆಯಲ್ಲಿ ದೊಡ್ಡಮ್ಮ ಎಲ್ಲವನ್ನೂ ಕೇಳಿ, "ಕೂತ ಕೊಂಬೆ ಕಡಿಯೋರನ್ನ ನೋಡಿದ್ದೆ. ಕೊಡಲಿಯನ್ನ ಪಾಠ ಹೇಳೋರ ಕೈಗೆ ಕೊಟ್ಟು ಕಡಿಸಿಕೊಂಡೋರು ನೀವೊಬ್ರೇ," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡಪ್ಪನೂ ನಗಬೇಕಾಯಿತು.

ಕಾರುಗಳು ಹೋಗಿ ವ್ಯಾನುಗಳು ಬಂದವು. ದೊಡ್ಡಪ್ಪನಿಗೂ ಒಂದು ಸಿಕ್ಕಿತು. ಸಭೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದವರು ಅದರಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ದಪ್ಪನೆಯ ಸದಸ್ಯರಿಗೆ ಒಂದೂವರೆ ಸೀಟು ಬೇಕು. ಪಕ್ಕದ ಅರ್ಧದಲ್ಲಿ ಟೀಚರಮ್ಮ. ಮೊದಲ ವಾರ ಇಬ್ಬರೂ ಕಿಟಕಿ ನೋಡಿದರು. ಆಮೇಲೆ ಮೊಮ್ಮಕ್ಕಳ ಕೆಮ್ಮಿನ ಮಾತು ಬಂತು, ಮಂಡಿನೋವಿನ ಮಾತು ಬಂತು. ದೊಡ್ಡಪ್ಪನಿಗಂತೂ ಒಬ್ಬರಿದ್ದಲ್ಲಿ ಒಂದು ವ್ಯಾನು ತುಂಬ ಕೇಳುಗರು. ತಡಮಾಡಿ ಬಂದವರು ಎಂಥ ದೊಡ್ಡವರೇ ಇರಲಿ, ಬೈಗುಳ ತಿಂದೇ ಹತ್ತಬೇಕಿತ್ತು.

ದೇಶದ ಕೈ ಸಡಿಲವಾದ ಮೇಲೆ ಕಾರುಗಳು ಮೆಲ್ಲಗೆ ಮರಳಿದವು. ಟೀಚರಮ್ಮ ಅಷ್ಟರಲ್ಲಿ ಚುನಾವಣೆಯ ಸಹವಾಸ ಬಿಟ್ಟಿದ್ದರು. ದಪ್ಪನೆಯ ಸದಸ್ಯರು ತಮ್ಮ ಹೊಸ ಕಾರಿಗೆ ದೊಡ್ಡಪ್ಪನೇ ಬೇಕೆಂದು ಹಟ ಹಿಡಿದರು. ಇವರು ಒಪ್ಪಲಿಲ್ಲ. ಸಂಸತ್ತಿನ ಕಸ ಗುಡಿಸುವ ಹೆಂಗಸರಿಗೆ ಸಂಜೆ ಬಸ್ಸು ಸಿಗುತ್ತಿರಲಿಲ್ಲ. ಅವರನ್ನು ಮನೆ ಮುಟ್ಟಿಸಲು ದೊಡ್ಡಪ್ಪ ಆ ಹಳೆಯ ವ್ಯಾನನ್ನೇ ಕೇಳಿ ಪಡೆದರು. ನಿವೃತ್ತರಾಗುವವರೆಗೂ ಅದನ್ನೇ ಓಡಿಸಿದರು. ಆ ಹೆಂಗಸರು ಮಾತ್ರ ಅವರಿಗೆ ಬಾಯಿ ತೆರೆಯಲು ಬಿಡುತ್ತಿರಲಿಲ್ಲವಂತೆ.