ಮುಂಡಪ್ಪನ ತಲೆಯ ಅಳತೆ

ಗುಲಬರ್ಗಾ ಕಡೆಯಿಂದ ಗಂಡ ಅಂಬಾರಾಯನ ಜೊತೆ ಠಾಣೆ ಶಹರಕ್ಕೆ ಬಂದ ಚಂದ್ರಬಾಯಿ, ವಾಗ್ಳೆ ಎಸ್ಟೇಟ್ ಎಂಬ ಕಾರ್ಖಾನೆಗಳ ಪ್ರದೇಶದ ಒಂದು ಶೆಡ್ಡಿನಲ್ಲಿ ಆರು ವರ್ಷ ಹೆಲ್ಮೆಟ್ಟಿನ ಒಳಮೆತ್ತೆ ಹೊಲಿದಳು. ಶೆಡ್ಡಿನ ಧಣಿ ಮುಂಡಪ್ಪ ಉಡುಪಿ ಕಡೆಯವನು, ಮೆತ್ತಗೆ ಮಾತಾಡುವ ಮನುಷ್ಯ. ಅವನಲ್ಲಿದ್ದ ಅಚ್ಚು ಒಂದೇ. ಅದರಿಂದ ಬಂದ ಮಾಲಿಗೇ ಸಣ್ಣದು, ಮಧ್ಯಮ, ದೊಡ್ಡದು ಎಂದು ಬೇರೆ ಬೇರೆ ಚೀಟಿ ಅಂಟಿಸಿ ಅಂಗಡಿಗಳಿಗೆ ಕಳಿಸುತ್ತಿದ್ದರು. ಎಷ್ಟೋ ದಿನ ಚೀಟಿ ಅಂಟಿಸಿದ್ದೂ ಚಂದ್ರಬಾಯಿಯೇ. ಅದರಲ್ಲಿ ತಪ್ಪೇನಾದರೂ ಇದೆ ಎಂದು ಆಗ ಅವಳಿಗೆ ಅನ್ನಿಸಿರಲಿಲ್ಲ.

ಅಂಬಾರಾಯ ಒಂದು ಔಷಧ ಕಂಪನಿಯಲ್ಲಿ ಕಾಗದಪತ್ರ ಒಯ್ಯುವ ಕೆಲಸಕ್ಕಿದ್ದ. ಕಂಪನಿ ಓಡಾಟಕ್ಕೆ ಮೋಟಾರ್ ಸೈಕಲ್ಲು ಕೊಟ್ಟಿತು, ಮುಂಡಪ್ಪನ ಶೆಡ್ಡಿನ ಹೆಲ್ಮೆಟ್ಟನ್ನೂ ಕೊಟ್ಟಿತು. ಚೀಟಿಯ ಮೇಲೆ ಸಣ್ಣದು ಎಂದಿದ್ದರೂ ಅವನ ಪುಟ್ಟ ತಲೆಯ ಮೇಲೆ ಅದು ಗಡಿಗೆಯ ಹಾಗೆ ತಿರುಗುತ್ತಿತ್ತು. ಒಳಗೆ ಟವೆಲ್ಲು ಮಡಚಿಟ್ಟು ಹಾಕಿಕೊಳ್ಳುತ್ತಿದ್ದ. ಅದನ್ನು ನೋಡಿ ಚಂದ್ರಬಾಯಿ ನಗುತ್ತಿದ್ದಳು.

ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ ಘೋಡಬಂದರ್ ರಸ್ತೆಯ ತಿರುವಿನಲ್ಲಿ ಗಾಡಿ ಜಾರಿತು. ಅವನು ನೆಲಕ್ಕೆ ಬೀಳುವ ಮೊದಲೇ ಹೆಲ್ಮೆಟ್ಟು ಹಾರಿ ಚರಂಡಿಗೆ ಬಿತ್ತೆಂದು ನೋಡಿದವರು ಹೇಳಿದರು. ಎತ್ತಿ ನೋಡಿದರೆ ಗದ್ದದ ಪಟ್ಟಿ ಕಟ್ಟಿದ್ದು ಕಟ್ಟಿದ ಹಾಗೇ ಇತ್ತಂತೆ. ಅಂಬಾರಾಯ ಆಸ್ಪತ್ರೆ ಮುಟ್ಟಲಿಲ್ಲ.

ಗಂಡನ ದಿನಕರ್ಮ ಮುಗಿಸಿ ಅವಳು ಕೆಲಸಕ್ಕೆ ಹೋದ ದಿನ, ಹೊಲಿಗೆಯ ಹೆಂಗಸರೆಲ್ಲ ಕೇಳುವ ಹಾಗೆ ಮುಂಡಪ್ಪ ಹೇಳಿದ: “ಪಟ್ಟಿ ಕಟ್ಟಿರ್ಲಿಕ್ಕಿಲ್ಲ ಅವ. ಕುಡಿದಿದ್ದನೋ ಏನೋ, ಯಾರಿಗೆ ಗೊತ್ತುಂಟು?”

ಅಂಬಾರಾಯ ಕೊರಳಲ್ಲಿ ತುಳಸಿ ಮಾಲೆ ಹಾಕಿಕೊಂಡವನು, ಬೀಡಿಯನ್ನೂ ಮುಟ್ಟಿದವನಲ್ಲ. ಚಂದ್ರಬಾಯಿ ಕೈಯಲ್ಲಿದ್ದ ಮೆತ್ತೆಯನ್ನು ಹೊಲಿದು ಮುಗಿಸಿ ಎದ್ದು ಬಂದವಳು ಮತ್ತೆ ಆ ಕಡೆ ಹೋಗಲಿಲ್ಲ. ಇವನನ್ನು ಬೀದಿಗೆ ತರದೆ ಬಿಡುವುದಿಲ್ಲವೆಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು.

ಠಾಣೆಯಿಂದ ಲೋಕಲ್ ರೈಲಿನಲ್ಲಿ ಹೋಗುವಷ್ಟು ದೂರದ ಕಲ್ಯಾಣದ ಬಸ್ ಸ್ಟ್ಯಾಂಡಿನ ಬಳಿ ತಾಡಪತ್ರಿ ಕಟ್ಟಿ, ಹರಿದ ಒಳಮೆತ್ತೆ ಹೊಲಿದುಕೊಡುತ್ತ ಕೂತಳು. ವರ್ಷದೊಳಗೆ ಬೇರೆ ಕಾರ್ಖಾನೆಯ ಹೆಲ್ಮೆಟ್ಟು ತಂದು ಮಾರತೊಡಗಿದಳು. ಬಂದವರ ಹುಬ್ಬಿನ ಮೇಲೆ ಟೇಪು ಸುತ್ತಿ ಅಳೆಯದೆ ಮಾಲು ಕೈಗೆ ಕೊಡುತ್ತಿರಲಿಲ್ಲ. ಹಣೆಗೂ ಮೆತ್ತೆಗೂ ನಡುವೆ ಬೆರಳು ಹೋಗಬಾರದು, ಕೆನ್ನೆಯನ್ನು ಒತ್ತಿ ಹಿಡಿಯಬೇಕು. ಪಟ್ಟಿ ಕಟ್ಟಿದ ಮೇಲೆ ಹಿಂದಿನಿಂದ ತಾನೇ ಮೇಲಕ್ಕೆ ನೂಕಿ ನೋಡುವಳು. ಕಳಚಿ ಬಂದರೆ ಅದು ಆ ತಲೆಗೆ ಆಗದು. ಎಲ್ಲ ಸರಿಯಿದ್ದರೂ ಕಾಲು ಗಂಟೆ ಹಾಕಿಕೊಂಡು ಕೂರಲೇಬೇಕು, ಎಲ್ಲಾದರೂ ಚುಚ್ಚಿದರೆ ಆಗಲೇ ಗೊತ್ತಾಗುವುದು. ಹಾಗೆ ಕೂತವರಿಗೆಲ್ಲ ಮುಂಡಪ್ಪನ ಶೆಡ್ಡಿನ ಎರಡು ಹೆಲ್ಮೆಟ್ಟು ತೋರಿಸುವಳು, ಒಂದರ ಚೀಟಿ ಸಣ್ಣದು, ಇನ್ನೊಂದರದು ದೊಡ್ಡದು. ಎರಡಕ್ಕೂ ಟೇಪು ಹಿಡಿದು ಅವರಿಂದಲೇ ಓದಿಸುವಳು.

ಸುದ್ದಿ ಪಕ್ಕದ ಡೊಂಬಿವಲಿಗೆ ಹೋಯಿತು, ಠಾಣೆಗೂ ಮುಟ್ಟಿತು. ಅಂಗಡಿಯವರು ಮುಂಡಪ್ಪನ ಮಾಲನ್ನು ಗೋಣಿಚೀಲದಲ್ಲಿ ತುಂಬಿ ವಾಪಸು ಕಳಿಸತೊಡಗಿದರು. ಬಂದು ನನ್ನಲ್ಲೇ ಮೇಲ್ವಿಚಾರಣೆ ನೋಡಿಕೋ ಎಂದು ಅವನು ಹೇಳಿಕಳಿಸಿದ. ಚಂದ್ರಬಾಯಿ ಹೇಳಿಕೆ ತಂದವನಿಗೆ ಚಹಾ ಕೊಟ್ಟು ವಾಪಸು ಕಳಿಸಿದಳು.

ಎಂಬತ್ತೈದರ ಬೇಸಿಗೆಯ ಒಂದು ಮಧ್ಯಾಹ್ನ ಮುಂಡಪ್ಪನೇ ಬಂದ. ಕಾರು ಮಾರಿ ಹಳೆಯ ಸ್ಕೂಟರಿನಲ್ಲಿ ಓಡಾಡುತ್ತಿದ್ದ.

“ನನಗೂ ಒಂದು ಬೇಕಿತ್ತು. ನನ್ನ ಶೆಡ್ಡಿನದ್ದು ಹಾಕಲಿಕ್ಕೆ ಧೈರ್ಯ ಇಲ್ಲ ಮಾರಾಯ್ತಿ.”

“ಕೂಡ್ರಿ ಸಾವ್ಕಾರ್ರ,” ಎಂದಳು ಚಂದ್ರಬಾಯಿ.

ಕೂದಲುದುರಿದ ಆ ತಲೆಗೆ ಟೇಪು ಸುತ್ತುವಾಗ ಅವಳಿಗೆ, ಒಂದು ಸೈಜು ದೊಡ್ಡದು ಕೊಟ್ಟು ಕಳಿಸಿದರಾಯಿತು ಎಂಬ ಯೋಚನೆ ಬಂತು. ಆದರೆ ಹಾಗೆ ಮಾಡಿದರೆ ಇವನು ಒಂದು ಗಳಿಗೆಯಲ್ಲಿ ಮುಗಿದುಹೋಗುತ್ತಾನೆ. ಅಷ್ಟು ಸುಲಭವಾಗಿ ಇವನು ಹೋಗಬಾರದು, ಶೆಡ್ಡಿಗೆ ಬೀಗ ಬೀಳುವುದನ್ನು ಬದುಕಿದ್ದು ನೋಡಬೇಕು. ನಾಲ್ಕು ಹೆಲ್ಮೆಟ್ಟು ತೆಗೆಸಿ ಹಾಕಿಸಿ, ಬಿಗಿಯಾಗಿ ಕೂತದ್ದನ್ನೇ ಆರಿಸಿ, ಪಟ್ಟಿ ಕಟ್ಟಿ, ಅವನನ್ನು ಬಿಸಿಲಿನಲ್ಲಿದ್ದ ಸ್ಟೂಲಿನ ಮೇಲೆ ಕೂರಿಸಿದಳು. ಆಮೇಲೆ ನಿಂತಿದ್ದ ಗಿರಾಕಿಗಳಿಗೆ, ನಾನು ತೋರಿಸುವ ಆ ಚೀಟಿಗಳ ಧಣಿ ಇವರೇ ಎಂದು ಹಿಂದಿಯಲ್ಲಿ ಪರಿಚಯ ಮಾಡಿಕೊಟ್ಟಳು. ಅವರು ಸುತ್ತ ಬಂದು ಬಗ್ಗಿ ನೋಡಿದರು. ಮುಂಡಪ್ಪನ ಕತ್ತಿನಿಂದ ಬೆವರು ಇಳಿಯಿತು. ತೆಗೆಯಲೇ ಎಂದು ಕೇಳಿದ.

“ಕಾಲ್ ತಾಸು ಆಗಿಲ್ರೀ ಇನ್ನಾ. ನನ್ನ ಗಂಡ ಕುಡದಿದ್ದಿಲ್ಲ ಅಂತ ಒಂದು ಮಾತು ಹೇಳ್ರಿ, ನಾನೇ ತಗೀತೀನಿ.”

“ಕುಡಿದಿರಲಿಲ್ಲ,” ಎಂದ ಮುಂಡಪ್ಪ.

“ಹಿಂದಿ ಭಾಷಾದಾಗ ಹೇಳ್ರಿ. ಇವರಿಗೂ ತಿಳೀಲಿ.”

ಅವನು ಹೇಳಿದ. ಅವಳು ಪಟ್ಟಿ ಬಿಚ್ಚಿ ಹೆಲ್ಮೆಟ್ಟು ತೆಗೆದಳು. ಹಣೆಯ ಮೇಲೆ ಎಲ್ಲಿಯೂ ಒತ್ತಿದ ಗುರುತಿರಲಿಲ್ಲ.

ಈಗಾದರೂ ಸಿಟ್ಟು ಇಳಿಯಿತೇ ಎಂದು ಪಕ್ಕದಲ್ಲಿ ಹೂ ಮಾರುವ ಮರಗಮ್ಮ ಕೇಳಿದಳು. ಚಂದ್ರಬಾಯಿ ಇಲ್ಲವೆಂದಳು, ಮರುದಿನವೂ ಆ ಎರಡು ಹೆಲ್ಮೆಟ್ಟು ಹೊರಗಿಟ್ಟಳು. ಮುಂದಿನ ವರ್ಷ ಶೆಡ್ಡು ಮುಚ್ಚಿತೆಂದು ಕೇಳಿದಾಗ ಯಾರ ಬಾಯಿಮಾತನ್ನೂ ನಂಬದೆ, ಅರ್ಧ ದಿನದ ವ್ಯಾಪಾರ ಬಿಟ್ಟು ಲೋಕಲ್ ಹಿಡಿದು ಠಾಣೆಗೆ ಹೋದಳು. ಬಾಗಿಲಿನ ಬೀಗವನ್ನು ಕೈಯಿಂದ ಒಮ್ಮೆ ಜಗ್ಗಿ ನೋಡಿ, ಎದುರಿನ ಗಾಡಿಯಲ್ಲಿ ವಡಾಪಾವ್ ತೆಗೆದುಕೊಂಡು, ಬೀಗದ ಕಡೆಗೇ ಮುಖ ಮಾಡಿ ನಿಂತು ನಿಧಾನವಾಗಿ ತಿಂದಳು.