ಸೆಲ್ವಿಯಕ್ಕ ಕಾದ ಬಾಗಿಲು

ಮಧ್ಯಾಹ್ನದ ಊಟ ಮುಗಿದ ಮೇಲೆ ಸೆಲ್ವಿಯಕ್ಕ ನಮ್ಮ ನೀರಿನ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ಕಿವಿಯ ಹತ್ತಿರ ಅಲುಗಿಸುತ್ತಿದ್ದರು. ಅವರು ಭದ್ರಾವತಿಯ ನಮ್ಮ ಶಾಲೆಯ ಆಯಾ, ಮನೆಮಾತು ತಮಿಳು; ನಮ್ಮನ್ನೆಲ್ಲ ಮುದ್ದಿನಿಂದ 'ಕಣ್ಣು' ಎಂದೇ ಕರೆಯುತ್ತಿದ್ದರು. ತುಂಬಿದ ಬಾಟಲಿ ಸದ್ದು ಮಾಡುವುದಿಲ್ಲ. ಏಳನೇ ತರಗತಿಯ ಆ ವರ್ಷ ನನ್ನ ಬಾಟಲಿ ಒಂದು ದಿನವೂ ಸದ್ದು ಮಾಡಲಿಲ್ಲ.

ಹುಡುಗಿಯರ ಪಾಯಿಖಾನೆಗೆ ಚಿಲಕವಿರಲಿಲ್ಲ. ಒಮ್ಮೆ ನಾನು ಒಳಗಿದ್ದಾಗ ಯಾರೋ ಬಾಗಿಲು ತಳ್ಳಿ, ನಕ್ಕು ಓಡಿದ್ದರು. ಅಂದಿನಿಂದ ನೀರು ಕುಡಿಯುವುದನ್ನೇ ಬಿಟ್ಟೆ. ಬಂದದ್ದನ್ನು ತಡೆದು ತಡೆದು, ನಾಲ್ಕೈದು ದಿನಕ್ಕೊಮ್ಮೆ ಅಳುತ್ತಾ ಕೂರುವಂತಾಯಿತು. ಒಂದು ದಿನ ರಕ್ತ ಕಂಡಿತು. ನಮ್ಮ ಬೀದಿಯ ಅತ್ತೆಯೊಬ್ಬರು ಹೀಗೇ ರಕ್ತ ಹೋಗಿ, ಕರುಳಿನ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ನನಗೂ ಅದೇ ಎಂದು ತೀರ್ಮಾನಿಸಿಕೊಂಡೆ. ಅಮ್ಮನಿಗೆ ಹೇಳಲಿಲ್ಲ. ನನ್ನ ಜಾಮಿಟ್ರಿ ಬಾಕ್ಸನ್ನು ತಂಗಿಗೆ ಕೊಟ್ಟುಬಿಟ್ಟೆ.

ನಾನು ಬೆಂಚಿನ ಮೇಲೆ ಓರೆಯಾಗಿ ಕೂರುವುದನ್ನು ಸೆಲ್ವಿಯಕ್ಕ ಗಮನಿಸಿದರು. ಬಾವಿಕಟ್ಟೆಯ ಹಿಂದೆ ಕರೆದೊಯ್ದು ಕೇಳಿದಾಗ ಎಲ್ಲ ಹೇಳಿಬಿಟ್ಟೆ. ನಾನು ಸಾಯ್ತೀನಾ ಎಂದೆ.

ಅವರು ನಗಲಿಲ್ಲ. "ಕೆಂಪಗಿತ್ತಾ, ಕಪ್ಪಗಿತ್ತಾ? ಬೆರೆತಿತ್ತಾ, ಮೇಲ್ಗಡೆ ಮಾತ್ರಾನಾ? ಹೋಗುವಾಗ ಉರೀತಾ?" ಎಂದು ಕೇಳಿದರು. ಆಮೇಲೆ, "ನಂಗೆ ಗೊತ್ತಿಲ್ಲ ಕಣ್ಣು. ಡಾಕ್ಟರಿಗೆ ಗೊತ್ತಿರುತ್ತೆ" ಎಂದರು. ಏನೂ ಆಗಲ್ಲ ಎಂದು ಅವರು ಹೇಳದ್ದರಿಂದ ನನ್ನ ಭಯ ಇನ್ನೂ ಹೆಚ್ಚಿತು.

ಸಂಜೆ ಅವರೇ ಮನೆಗೆ ಬಂದು ಅಮ್ಮನಿಗೆ ಹೇಳಿದರು. ಮರುದಿನ ರಜೆ ಹಾಕಿ ನನ್ನ, ಅಮ್ಮನ ಜೊತೆ ಶಿವಮೊಗ್ಗಕ್ಕೆ ಅವರೂ ಬಂದರು. ದುರ್ಗಿಗುಡಿಯ ಲೇಡಿ ಡಾಕ್ಟರ ಮುಂದೆ ಅಮ್ಮ ನಾಚಿಕೊಂಡು, ಹೊಟ್ಟೆನೋವು ಎಂದಷ್ಟೇ ಹೇಳಿ ನಿಲ್ಲಿಸಿದಳು. ಉಳಿದದ್ದನ್ನೆಲ್ಲ ಸೆಲ್ವಿಯಕ್ಕ ಹೇಳಿದರು. ಡಾಕ್ಟರು ಎಡಗಡೆ ಹೊಟ್ಟೆ ಒತ್ತಿ ನೋಡಿದರು, ಪಕ್ಕಕ್ಕೆ ಮಲಗಿಸಿ ಪರೀಕ್ಷಿಸಿದರು. ಅಷ್ಟು ಹೊತ್ತೂ ನಾನು ಸೆಲ್ವಿಯಕ್ಕನ ಸೆರಗು ಹಿಡಿದಿದ್ದೆ. ಕ್ಯಾನ್ಸರ್ ಅಲ್ಲ, ಮಲಬದ್ಧತೆ. ಗಟ್ಟಿಯಾದದ್ದು ಹೋಗುವಾಗ ಚರ್ಮ ಸೀಳಿದೆ ಎಂದರು. ನೀರಿಗೆ ಬೆರೆಸಿ ಕುಡಿಯುವ ಪುಡಿ ಬರೆದುಕೊಟ್ಟು, ವಾಸಿಯಾಯಿತೆಂದು ತಾವು ಹೇಳುವ ಮುಂಚೆ ನಿಲ್ಲಿಸಬಾರದು, ತಡೆಯಲೇಬಾರದು ಎಂದರು.

ಆದರೂ ಹೆದರಿಕೆ ಹೋಗಲು ತಿಂಗಳುಗಳೇ ಬೇಕಾದವು. ಶಾಲೆಯಲ್ಲಿ ನಾನು ಒಳಗೆ ಕೂತಿದ್ದರೆ, ಸೆಲ್ವಿಯಕ್ಕ ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. "ತಿಣುಕಬೇಡ ಕಣ್ಣು. ಅದಾಗೇ ಬರಲಿ. ಇಲ್ಲೇ ಇದೀನಿ."

ಕಾಲೇಜಿಗೆ ಹೋಗುತ್ತಿದ್ದಾಗ ಶಿವಮೊಗ್ಗ ಬಸ್ಸಿನಲ್ಲಿ ಅವರು ಮತ್ತೆ ಸಿಕ್ಕರು. ತುಂಬಾ ಸೊರಗಿದ್ದರು. ನೂಕುನುಗ್ಗಲಲ್ಲಿ ನನ್ನನ್ನು ಗುರುತಿಸಿ, "ಈಗ ದಿನಾ ಸರಿಯಾಗಿ ಹೋಗ್ತೀಯಾ ಕಣ್ಣು?" ಎಂದು ಗಟ್ಟಿಯಾಗಿ ಕೇಳಿದರು. ಗೆಳತಿಯರು ತಿರುಗಿ ನೋಡಿದರು. ನಾನು ಕೇಳಿಸದವಳಂತೆ ಕಿಟಕಿಯ ಕಡೆ ಮುಖ ಮಾಡಿದೆ. ಅವರು ಮುಂದಿನ ಸ್ಟಾಪಿನಲ್ಲಿ ಇಳಿದುಹೋದರು.

ಆ ಬೇಸಿಗೆಯಲ್ಲೇ ಅವರು ತೀರಿಕೊಂಡರೆಂದು ಅಮ್ಮ ಹೇಳಿದಳು. ಅಂದು ಬಸ್ಸಿನಲ್ಲಿ ನಾನು ಹೌದು ಅಕ್ಕ ಎಂದಿದ್ದರೆ ಸಾಕಿತ್ತು.