ಬಾಯಾರಿದ ಡಿಶ್‌ವಾಷರ್

ನಮ್ಮ ಡಿಶ್‌ವಾಷರ್ ಹೊಟ್ಟೆತುಂಬ ನೀರು ಕುಡಿಯುತ್ತಿಲ್ಲ ಎಂದು ಅಕ್ಕ ಅದರ ಸದ್ದು ಕೇಳಿಯೇ ಹೇಳಿದರು. ಮಧ್ಯಾಹ್ನದ ಊಟ ಮುಗಿದಿತ್ತು. ನಾನು ಪೇಪರ್ ಹಿಡಿದು ಕೂತಿದ್ದೆ. ಅಡುಗೆಮನೆಯಿಂದ ಎಂದಿನ ಸದ್ದೇ ಬರುತ್ತಿದೆ ಎಂದುಕೊಂಡಿದ್ದೆ. ಅಕ್ಕ ಮಾತ್ರ ಅಡಿಕೆ ಕತ್ತರಿಸುತ್ತಿದ್ದ ಕೈ ನಿಲ್ಲಿಸಿದರು.

"ಕೇಳಿದ್ಯೇನೇ? ಎಳನೀರು ಮುಗಿದ ಮೇಲೂ ಸ್ಟ್ರಾ ಹಾಕಿ ಎಳೆದ ಹಾಗೆ. ಇದು ನೀರು ಕುಡೀತಿಲ್ಲ ಮಾರಾಯ್ತಿ, ಗಾಳಿ ಕುಡೀತಿದೆ."

ಹೌದು. ಬಾಗಿಲು ತೆರೆದು ನೋಡಿದರೆ ಮೇಲಿನ ರ್ಯಾಕಿನ ಲೋಟಗಳು ಒಣಗಿಯೇ ಇದ್ದವು. ಸೋಪಿನ ಪುಡಿ ಅರ್ಧ ಕರಗಿ ಮುದ್ದೆಯಾಗಿತ್ತು. ಸಾರಿನ ಪಾತ್ರೆಯ ಅಂಚಿನಲ್ಲಿ ಒಗ್ಗರಣೆಯ ಸಾಸಿವೆ ಹಾಗೇ ಅಂಟಿಕೊಂಡಿತ್ತು.

ಅಕ್ಕ ಎಂದರೆ ನನ್ನ ಓರಗಿತ್ತಿ, ನನ್ನ ಗಂಡನ ಅತ್ತಿಗೆ. ಕೊಪ್ಪದಲ್ಲಿ, ಬಾಳಗಡಿ ಕಡೆಗಿರುವ ಈ ಮನೆಯಲ್ಲಿ ಭಾವ ಹೋದ ಮೇಲೂ ನಾವು ಮೂವರು ಒಟ್ಟಿಗೇ ಇದ್ದೇವೆ. ನಾನು ಕಾನ್ವೆಂಟಿನಲ್ಲಿ ಓದಿದವಳು, ಅಕ್ಕ ಬಿ.ಎಸ್ಸಿ. ಮಾಡಿದವರು, ಆ ಕಾಲಕ್ಕೆ ಇಬ್ಬರೂ ಅಪರೂಪದ ಸೊಸೆಯರೇ. ನಾನು ಬಂದ ಹೊಸತರಲ್ಲಿ ಹಿತ್ತಲ ಕಟ್ಟೆಯ ಮೇಲೆ ರಾಶಿ ಬಿದ್ದ ಪಾತ್ರೆಗಳ ಮುಂದೆ ಕೂತು ಅಕ್ಕ ಕೆಲಸ ಹಂಚಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. "ನಾನು ತೊಳೀತೀನಿ, ನೀನು ಒರೆಸು. ನಿಮ್ಮ ಸಿಸ್ಟರ್‌ಗಳು ಒರೆಸೋದೊಂದು ಚೆನ್ನಾಗಿ ಕಲಿಸಿದಾರೆ" ಎಂದಿದ್ದರು. ತಮಾಷೆಗೆಂದು ಶುರುವಾದ ಆ ಅರೇಂಜ್‌ಮೆಂಟ್ ಒಂದು ಆಯುಷ್ಯವೇ ನಡೆಯಿತು. ಬೂದಿ ಹೋಗಿ ಸೋಪು ಬಂತು, ಸೋಪು ಹೋಗಿ ಹಸಿರು ಲಿಕ್ವಿಡ್ ಬಂತು. ತೊಳೆಯುವ ಕೈ ಮಾತ್ರ ಅದೇ ಇತ್ತು.

ಆ ಕೈ ಕೊನೆಗೆ ಒಡೆಯಿತು. ಬೆರಳ ತುದಿಗಳಲ್ಲಿ ಬಿರುಕು ಬಿಟ್ಟು, ಕೆಲವು ದಿನ ರಕ್ತವೂ ಜಿನುಗುತ್ತಿತ್ತು. ಅಕ್ಕ ಅಳುವವರಲ್ಲ. ಆದರೆ ಅವರಿಗೊಂದು ಹೆಮ್ಮೆಯ ವಿದ್ಯೆ ಇತ್ತು, ಮದುಮಗಳಿಗೆ ಸೀರೆ ಉಡಿಸುವುದು. ಶೃಂಗೇರಿಯಿಂದ ನರಸಿಂಹರಾಜಪುರದವರೆಗೆ ನೆಂಟರಿಷ್ಟರ ಯಾವ ಮದುವೆಯಾದರೂ ನೆರಿಗೆ ಹಿಡಿಯಲು ಇವರೇ ಆಗಬೇಕು. ಒಂದು ಮದುವೆಯಲ್ಲಿ ಇವರ ಒಡೆದ ಬೆರಳಿಗೆ ಧಾರೆ ಸೀರೆಯ ರೇಷ್ಮೆ ಎಳೆ ಸಿಕ್ಕಿಕೊಂಡು ಎದ್ದುಬಂತು. ಅಕ್ಕ ಕೈ ಹಿಂದಕ್ಕೆ ತೆಗೆದು, "ಬೇರೆ ಯಾರಾದ್ರೂ ಉಡಿಸಿ" ಎಂದು ಹೊರಗೆ ಬಂದು ಕೂತರು. ಆಮೇಲೆ ಯಾರು ಕರೆದರೂ ಹೋಗಲಿಲ್ಲ.

ಚರ್ಮದ ಡಾಕ್ಟರು ಸೋಪು ನೀರು ಮುಟ್ಟಲೇಬಾರದು ಎಂದರು. ನಾನು ತೊಳೆದರೆ ಅಕ್ಕ ಹಿಂದೆಯೇ ಬಂದು ಮತ್ತೆ ತೊಳೆಯುತ್ತಿದ್ದರು. ಅವರ ಸ್ಟ್ಯಾಂಡರ್ಡ್ಸ್ ಹಾಗೆ. ಹಾಗಾಗಿ ಈ ಯಂತ್ರ ತಂದದ್ದು. ಅದು ಬಂದು ಕೆಲವು ವಾರಗಳಲ್ಲೇ ಅಕ್ಕನ ಬೆರಳಿನ ಬಿರುಕುಗಳು ಮಾಯತೊಡಗಿದ್ದವು. ಶೃಂಗೇರಿಯಲ್ಲಿ ನಮ್ಮ ನಾದಿನಿಯ ಮೊಮ್ಮಗಳ ಮದುವೆ ನಿಶ್ಚಯವಾಗಿತ್ತು. "ದೊಡ್ಡಜ್ಜಿಯೇ ಸೀರೆ ಉಡಿಸ್ಬೇಕು" ಎಂದು ಆ ಹುಡುಗಿ ಫೋನು ಮಾಡಿ ಹಟ ಹಿಡಿದಿದ್ದಳು. "ನೋಡುವ" ಎಂದಿದ್ದರು ಅಕ್ಕ. ಆ "ನೋಡುವ" ಒಳಗೆ ಎಷ್ಟು ಆಸೆ ಇತ್ತೆಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಹೀಗೆ.

ನನ್ನವರಿಗೆ ಮೊದಲಿನಿಂದಲೂ ಯಂತ್ರದ ಮೇಲೆ ನಂಬಿಕೆಯಿಲ್ಲ.

"ಅತ್ತಿಗೆ, ಅದಕ್ಕೆ ನಮ್ಮೂರಿನ ನೀರು ಒಗ್ಗಲಿಲ್ಲ. ಅಂಗಡಿಯವ್ರ ವ್ಯಾನ್ ಗುರುವಾರ ಈ ಕಡೆ ಬರ್ತದಂತೆ. ವಾಪಸ್ ತಗೊಳ್ತೇವೆ ಅಂದಿದಾರೆ. ಹತ್ತಿಸಿ ಕಳಿಸಿಬಿಡುವ."

"ನಿಂಗೆ ಮೊದ್ಲು ಮೊದ್ಲು ಇವಳ ಅಡುಗೆಯೂ ಒಗ್ತಿರಲಿಲ್ಲ. ಹತ್ತಿಸಿ ಕಳಿಸಿದ್ವಾ?"

ಅವರು ಕನ್ನಡಕ ಒರೆಸಿಕೊಂಡು ಹೊರಗೆ ನಡೆದರು.

ಬುಧವಾರ ಬೆಳಿಗ್ಗೆ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಕೈಗೆ ಟಾರ್ಚ್ ಕೊಟ್ಟರು. ಮತ್ತೆ ನಾನು ಅಸಿಸ್ಟೆಂಟ್. ಅವರು ಕೆಲಸ ಮಾಡುವ ರೀತಿ ನೋಡಲೇ ಚಂದ. ನಾನಾದರೆ ಎಲ್ಲ ಬಟನ್ನುಗಳನ್ನೂ ಒತ್ತಿ, ದೇವರನ್ನು ನೆನೆದು, ಕೊನೆಗೆ ಒಂದು ಪೆಟ್ಟು ಕೊಡುತ್ತಿದ್ದೆ. ಅಕ್ಕ ನೀರು ಬರುವ ದಾರಿಯನ್ನೇ ಹಿಡಿದು ಹೊರಟರು. ಮೊದಲು ಸಿಂಕಿನ ನಲ್ಲಿ ತಿರುಗಿಸಿ ಬಕೆಟ್ ಇಟ್ಟರು. ಅದಕ್ಕೂ ಯಂತ್ರಕ್ಕೆಂದು ಹಾಕಿಸಿದ ನಲ್ಲಿಗೂ ಒಂದೇ ಪೈಪಿನ ನೀರು. ಬಕೆಟ್ ಭರ್ರೆಂದು ತುಂಬಿತು.

"ಟ್ಯಾಂಕಿಂದು ತಪ್ಪಿಲ್ಲ. ಪ್ರೆಷರ್ ಇದೆ."

ಆಮೇಲೆ ಯಂತ್ರದ ಸ್ವಿಚ್ ಆರಿಸಿ, ಬಾಗಿಲು ತೆರೆದು, ತಳದಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ಟೋಪಿಯನ್ನು ಬೆರಳಿನಿಂದ ಎತ್ತಿ ಬಿಟ್ಟರು. ನೀರು ಸಾಕಷ್ಟು ಏರಿದಾಗ ಅದು ತೇಲಿ, ಸಾಕು ಎಂದು ಹೇಳುವ ಫ್ಲೋಟ್. ಸಿಕ್ಕಿಕೊಂಡಿದ್ದರೆ ನೀರು ತುಂಬುವ ಮೊದಲೇ ಸಾಕು ಎಂದುಬಿಡುತ್ತದೆ. ಅದು ಟಕ್ಕೆಂದು ಸರಿಯಾಗಿಯೇ ಕೆಳಗೆ ಕೂತಿತು. "ಇವನು ಪ್ರಾಮಾಣಿಕ" ಎಂದರು ಅಕ್ಕ. ಇಬ್ಬರೂ ಸೇರಿ ಯಂತ್ರವನ್ನು ಮುಂದಕ್ಕೆಳೆದು ಹಿಂದಿನ ಪೈಪು ನೋಡಿದೆವು. ಎಲ್ಲೂ ಮಡಚಿರಲಿಲ್ಲ. ನಲ್ಲಿ ನಿಲ್ಲಿಸಿ, ಪೈಪನ್ನು ಯಂತ್ರದ ಬೆನ್ನಿನಿಂದ ಬಿಚ್ಚಿದರು. ಅಲ್ಲೊಂದು ಸಣ್ಣ ಜಾಲರಿ ಇತ್ತು. ಟಾರ್ಚ್ ಬಿಟ್ಟರೆ ಬೆಳ್ಳಿಯ ಹಾಗೆ ಹೊಳೆಯಿತು.

"ಕ್ಲೀನ್ ಇದೆ ಅಕ್ಕ. ಹಾಗಾದ್ರೆ ಒಳಗಿನ ವಾಲ್ವೇ ಹೋಗಿರ್ಬೇಕು. ಅದು ನಮ್ಮ ಕೈಲಾಗುವ ಕೆಲಸ ಅಲ್ಲ" ಎಂದೆ. ನನಗೆ ಗುರುವಾರದ ವ್ಯಾನ್ ಕಣ್ಣಮುಂದೆ ಬಂತು, ಅದರ ಹಿಂದೆಯೇ ಸೋಪು ನೀರಿನಲ್ಲಿ ಮುಳುಗಿದ ಆ ಕೈಗಳೂ.

ಅಕ್ಕ ಜಾಲರಿಯನ್ನೇ ನೋಡುತ್ತ ನೆಲದ ಮೇಲೆ ಕೂತುಬಿಟ್ಟರು.

"ಇಷ್ಟು ಕ್ಲೀನ್ ಇರಬಾರ್ದಲ್ಲೇ ಇದು" ಎಂದರು ನಿಧಾನವಾಗಿ. "ನಮ್ದು ಗುಡ್ಡದ ನೀರು. ಮೊದಲ ಮಳೆ ಬಿದ್ದಾಗಿದೆ. ಕೆಮ್ಮಣ್ಣು ಇಲ್ಲಿ ಇಲ್ಲ ಅಂದ್ರೆ, ಇದಕ್ಕಿಂತ ಮೊದಲೇ ಎಂತದೋ ಅದನ್ನ ಹಿಡ್ಕೊಂಡಿದೆ."

ನನಗೆ ರೋಮಾಂಚನವಾಯಿತು, ನಿಜವಾಗಿ. ಕೊಳೆ ಕಂಡರೆ ಕಾರಣ ಹುಡುಕುವವರು ಬೇಕಾದಷ್ಟು ಜನ. ಶುಭ್ರವಾಗಿರುವುದನ್ನು ಕಂಡು ಅನುಮಾನಪಡಲು ಬೇರೆಯೇ ತಲೆ ಬೇಕು.

ಅಕ್ಕ ಎದ್ದು ನಲ್ಲಿಯ ತುದಿಯಲ್ಲಿ ಪೈಪಿನ ತಿರುಪು ಬಿಚ್ಚಿದರು. ರಬ್ಬರ್ ವಾಷರಿನ ಕೆಳಗಿಂದ ಕೆಂಪಗೆ, ಒದ್ದೆಯಾಗಿ, ರೊಟ್ಟಿಯ ತುಂಡಿನಂಥದೊಂದು ಕೈಗೆ ಬಂತು. ಸಿಂಕಿನಲ್ಲಿ ತೊಳೆದು ಬಿಡಿಸಿದರು. ಮಡಚಿ ಇಟ್ಟ ಬಿಳಿ ಬಟ್ಟೆ. ಅದರ ಅಂಚಿನ ಹೊಲಿಗೆ ನಾವಿಬ್ಬರೂ ಬಲ್ಲೆವು, ಅಕ್ಕನದೇ.

ಗುಡ್ಡದ ಒರತೆಯಿಂದ ಪೈಪಿನಲ್ಲಿ ನೀರು ಬರುವ ನಮ್ಮ ಕಡೆಯ ಮನೆಗಳಲ್ಲಿ ನಲ್ಲಿಯ ಬಾಯಿಗೆ ಬಟ್ಟೆ ಕಟ್ಟುವುದು ಹಳೆಯ ಕ್ರಮ. ಮಣ್ಣು, ಎಲೆಯ ಪುಡಿ ಅಲ್ಲೇ ನಿಲ್ಲುತ್ತದೆ. ವಾರಕ್ಕೊಮ್ಮೆ ಬಿಚ್ಚಿ ಒಗೆದು ಮತ್ತೆ ಕಟ್ಟುತ್ತೇವೆ. ಸಿಂಕಿನ ನಲ್ಲಿಗೂ ಕಟ್ಟಿದೆ. ಡಿಶ್‌ವಾಷರ್ ಜೋಡಿಸಿದ ಮೆಕ್ಯಾನಿಕ್ ಹೋದ ಕೂಡಲೇ ಅಕ್ಕ ಹೊಸ ನಲ್ಲಿಯ ತಿರುಪು ಬಿಚ್ಚಿ ಒಳಗೂ ಒಂದು ಬಟ್ಟೆ ಇಟ್ಟಿದ್ದರು. ಹೊರಗೆ ಕಾಣುವ ಬಟ್ಟೆಗಳು ವಾರವಾರವೂ ಬಿಸಿಲು ಕಂಡವು. ಕಣ್ಣಿಗೆ ಬೀಳದ ಇದೊಂದು ಅಲ್ಲೇ ಉಳಿದು ಗುಡ್ಡವನ್ನೆಲ್ಲ ಹಿಡಿದಿಟ್ಟಿತ್ತು.

ಅಕ್ಕ ಬಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನಾಗಿದ್ದರೆ ಅದನ್ನು ಸೆರಗಿನಲ್ಲಿ ಅಡಗಿಸುತ್ತಿದ್ದೆನೇನೋ. ಅವರು ಎರಡು ಬೆರಳಲ್ಲಿ ಹಿಡಿದು ನೇರ ಜಗುಲಿಗೆ ಹೋದರು.

"ನೋಡು ಮಾರಾಯ, ಕಳ್ಳ ಸಿಕ್ಕಿದ. ಕಳ್ಳನ್ನ ಒಳಗೆ ಕೂರಿಸಿದ್ದು ನಾನೇ."

ನನ್ನವರಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕೆ? "ಮೆಷಿನ್ನಿಗೂ ಮಡಿಬಟ್ಟೆ ಉಡಿಸಿದ್ರಾ ಅತ್ತಿಗೆ?"

"ಉಡಿಸಿದೆ. ಮತ್ತೆಂತ, ನಲ್ಲಿಯನ್ನ ಬೋಳಾಗಿ ಬಿಡ್ಲಿಕ್ಕಾಗ್ತದಾ? ಬಟ್ಟೆ ಸರಿಯೇ, ಜಾಗ ತಪ್ಪು. ಏಣಿ ತಗೊಂಡು ಬಾ."

"ಏಣಿ ಎಂತಕ್ಕೆ?"

"ಟ್ಯಾಂಕಿಗೆ ನೀರು ಬೀಳುವ ಪೈಪಿನ ಬಾಯಿಗೇ ದೊಡ್ಡ ಬಟ್ಟೆ ಚೀಲ ಕಟ್ಟುವ. ಕಣ್ಣಿಗೆ ಕಾಣ್ತದೆ, ಮರೆಯುವುದಿಲ್ಲ. ಹತ್ತುವವನು ನೀನು. ವ್ಯಾನಿಗೆ ಹತ್ತಿಸುವ ಆಸೆ ಇತ್ತಲ್ಲ, ಈಗ ನೀನೇ ಹತ್ತು."

ಅವರು ಗೊಣಗುತ್ತಲೇ ಹತ್ತಿದರು. ಕೆಳಗೆ ಏಣಿ ಹಿಡಿದವರು ಅಕ್ಕ. ಟಾರ್ಚ್ ಇನ್ನೂ ನನ್ನ ಕೈಯಲ್ಲೇ ಇತ್ತು, ಹಾಡುಹಗಲಲ್ಲಿ. ಪೈಪನ್ನು ಮತ್ತೆ ಜೋಡಿಸಿ ಯಂತ್ರ ಶುರುಮಾಡಿದಾಗ ಒಳಗೆ ನೀರು ಬೀಳುವ ಸದ್ದು ತುಂಬಿಕೊಂಡಂತೆ ಕೇಳಿತು. ಅಕ್ಕ ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆರೆದು ತಳದಲ್ಲಿ ನಿಂತ ನೀರನ್ನು ಇಣುಕಿ ನೋಡಿದರು. "ಈಗ ಊಟ ಮಾಡಿದ ಮುಖ" ಎಂದರು. ಗುರುವಾರ ವ್ಯಾನಿನವನಿಗೆ ಕಾಫಿ ಕೊಟ್ಟು ಬರಿಗೈಯಲ್ಲಿ ಕಳಿಸಿದೆವು.

ಶೃಂಗೇರಿಯ ಮದುವೆಯ ಬೆಳಿಗ್ಗೆ ಮದುಮಗಳ ಕೋಣೆಯಲ್ಲಿ ಹೆಂಗಸರೆಲ್ಲ ಗಲಗಲ ಎನ್ನುತ್ತಿದ್ದರು. ಧಾರೆ ಸೀರೆಯನ್ನು ಮಂಚದ ಮೇಲೆ ಬಿಡಿಸಿಟ್ಟಿದ್ದರು. ಅಕ್ಕ ಯಾರಿಗೂ ಕಾಣದಂತೆ ಮೊದಲು ಬೆರಳ ತುದಿಗಳನ್ನು ತನ್ನ ಕೆನ್ನೆಗೆ ಉಜ್ಜಿ ನೋಡಿಕೊಂಡರು. ಆಮೇಲೆ ಇಡೀ ಅಂಗೈಯನ್ನು ಆ ರೇಷ್ಮೆಯ ಮೇಲೆ ಉದ್ದಕ್ಕೂ ಎಳೆದರು. ಒಂದು ಎಳೆಯೂ ಏಳಲಿಲ್ಲ. ಮತ್ತೊಮ್ಮೆ ಎಳೆದರು. ಅಗತ್ಯವಿರಲಿಲ್ಲ, ಹಾಗೇ ಸುಮ್ಮನೆ.

"ನೆಟ್ಟಗೆ ನಿಲ್ಲು ಕೂಸೆ" ಎಂದು ನೆರಿಗೆ ಹಿಡಿಯತೊಡಗಿದರು.

"ದೊಡ್ಡಜ್ಜಿ, ಬಿಗಿ ಆಯ್ತು."

"ಮಾತಾಡ್ಲಿಕ್ಕೆ ಆಗ್ತಿದೆಯಲ್ಲ, ಹಾಗಾದ್ರೆ ಸರಿ ಇದೆ." ನನ್ನ ಕಡೆ ತಿರುಗದೆಯೇ ಕೈ ಚಾಚಿದರು. "ಎಂತ ನೋಡ್ತಾ ನಿಂತಿದ್ಯೇ? ಪಿನ್ ಕೊಡು."

ಕೊಟ್ಟೆ.